ಕುಂಟ್ತಾ ಇಲ್ಲ, ಆದ್ರೆ ನಡಿಗೆ ಸರಿ ಇಲ್ಲ: ರೇಸಿಂದ ಬಂದ ಕುದುರೆಯ ಮುಂಗಾಲು ಗೊರಸು, ಸವಾರಿ ಮುಂದುವರಿಸಬಹುದಾ?

ಕೆರೆದಾರಿ (ಜೂನ್ ಕೊನೆ ವಾರ)

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಬರೀತೀನಿ ಬೇಜಾರ್ ಮಾಡ್ಕೋಬೇಡಿ. ಹೆಸರಘಟ್ಟದ ಕಡೆ ಇರೋದು ನಾವು. ಒಂದೂವರೆ ವರ್ಷದ ಹಿಂದೆ ರೇಸಿಂದ ರಿಟೈರ್ ಆದ ಥರೋಬ್ರೆಡ್ (ರೇಸ್ ತಳಿ) ಒಂದನ್ನ ತಗೊಂಡೆ, ಗೆಲ್ಡಿಂಗು, ಅಂದ್ರೆ ಬೀಜ ತೆಗೆದ ಗಂಡು, ಈಗ 8 ವರ್ಷ, ಮನೇಲಿ ಮುತ್ತು ಅಂತ ಕರೀತೀವಿ. ತುಂಬಾ ಕಮ್ಮಿ ದುಡ್ಡಿಗೆ ಬಂತು. ದಾನ ಕೊಟ್ಟ ಹಸು ಹಲ್ಲು ಎಣಿಸಬಾರದು ಅಂತಾರಲ್ಲ, ನಾನೂ ಎಣಿಸಲಿಲ್ಲ, ಆದ್ರೆ ಗೊರಸಾದ್ರೂ ನೋಡ್ಬೇಕಿತ್ತು ಅಂತ ಈಗ ಅನ್ನಿಸ್ತಿದೆ.

ವಾರಕ್ಕೆ ನಾಲ್ಕು ದಿನ ಬೆಳಗ್ಗೆ ಸವಾರಿ, ಕೆರೆ ಏರಿ ಮೇಲೆ ವಾಕು, ಮಣ್ಣಿನ ದಾರೀಲಿ ಟ್ರಾಟು (ನಿಧಾನ ಓಟ), ಒಂದೊಂದ್ ಸಲ ಕ್ಯಾಂಟರ್ (ಅದಕ್ಕಿಂತ ಜೋರು ಓಟ). ಎರಡು ತಿಂಗಳಿಂದ ಏನೋ ಬದಲಾಗಿದೆ. ಮೊದಲ ಹತ್ತು ನಿಮಿಷ ಹೆಜ್ಜೆ ಚಿಕ್ಕದಾಗಿ ಇಡುತ್ತೆ, ಆಮೇಲೆ ಸರಿಯಾಗುತ್ತೆ. ಟಾರ್ ರಸ್ತೆ ದಾಟುವಾಗ ಮೊಟ್ಟೆ ಮೇಲೆ ನಡೆದ ಹಾಗೆ ನಡೆಯುತ್ತೆ. ಬಲಕ್ಕೆ ಸಣ್ಣ ರೌಂಡ್ ಹೊಡಿ ಅಂದ್ರೆ ಕಿವಿ ಹಿಂದಕ್ಕೆ. ಹೋದ ವಾರ ಎರಡು ಸಲ ಮುಗ್ಗರಿಸ್ತು, ಅದೂ ಸಮತಟ್ಟು ಜಾಗದಲ್ಲಿ. ಲಾಯದಲ್ಲಿ ನಿಂತಾಗ ಒಂದು ಮುಂಗಾಲು ಮುಂದಕ್ಕೆ ಚಾಚಿ ನಿಲ್ಲುತ್ತೆ, ಸ್ವಲ್ಪ ಹೊತ್ತಾದ್ಮೇಲೆ ಇನ್ನೊಂದು. ಆದ್ರೆ ಕುಂಟ್ತಾ ಇದ್ಯಾ ಅಂದ್ರೆ, ಇಲ್ಲ. ಕುದುರೆ ನೋಡ್ಕೊಳ್ಳೋ ನಮ್ ಸೈಸು "ಸೋಮಾರಿ ಆಗಿದೆ ಮೇಡಂ" ಅಂತಾನೆ. ಸವಾರಿ ಹೇಳ್ಕೊಡೋರು ಭುಜದ ನೋವು ಇರ್ಬೇಕು ಅಂದ್ರು. ಮನೆಯವರು "ಕುದುರೆ ಕಂಡ್ರೆ ಕಾಲುನೋವು ಅಂತ ಕೇಳಿದ್ದೆ, ಇಲ್ಲಿ ನಿನ್ನ ಕಂಡು ಕುದುರೆಗೇ ಕಾಲುನೋವು" ಅಂತ ನಗ್ತಾರೆ.

ನನ್ ಪ್ರಶ್ನೆ ಇಷ್ಟೇ, ಸವಾರಿ ನಿಲ್ಲಿಸ್ಲಾ, ಮುಂದುವರಿಸ್ಲಾ?

ಜಟಕಾಮೊಮ್ಮಗ

ಅಕ್ಕ, ಮೈಸೂರಿಂದ. ನಮ್ ತಾತ ಜಟಕಾ ಓಡಿಸ್ತಿದ್ರು, ನನಗೆ ಸವಾರಿ ಬರಲ್ಲ ಆದ್ರೆ ಕುದುರೆ ಸದ್ದು ಕೇಳಿ ಬೆಳೆದಿದೀನಿ. ತಾತ ಕಣ್ಣಲ್ಲಿ ನೋಡ್ತಾನೇ ಇರ್ಲಿಲ್ಲ, ರಸ್ತೇಲಿ ಲಾಳದ ಸದ್ದು ಕೇಳಿಯೇ "ಇದಕ್ಕೆ ಮುಂದಿನ ಎಡಗಾಲು" ಅಂತ ಹೇಳ್ಬಿಡೋರು. ನೋವಿರೋ ಕಾಲನ್ನ ಹಗುರವಾಗಿ ಇಡುತ್ತೆ, ಸದ್ದು ಸಣ್ಣದಾಗುತ್ತೆ. ಗಟ್ಟಿ ನೆಲದ ಮೇಲೆ ಯಾರಾದ್ರೂ ಹಿಡ್ಕೊಂಡು ಟ್ರಾಟ್ ಮಾಡಿಸ್ಲಿ, ನೀವು ಕಣ್ಣು ಮುಚ್ಕೊಂಡು ಕೇಳಿ.

ಲಾಯದಹುಡುಗ

ನಾನು 11 ವರ್ಷ ರೇಸ್ ಕುದುರೆಗಳ ಜೊತೆ ಸೈಸ್ ಆಗಿದ್ದೆ, ಈಗ ಬೇರೆ ಕೆಲಸ. ಅಕ್ಕ ನೀವ್ ಹೇಳಿದ್ದು ಓದಿದ್ ತಕ್ಷಣ ಗೊರಸಿನ ಫೋಟೋ ನೋಡ್ಬೇಕು ಅನ್ನಿಸ್ತು. ಎರಡೂ ಮುಂಗಾಲುದು ಹಾಕಿ, ಪಕ್ಕದಿಂದ, ಫೋನನ್ನ ನೆಲಕ್ಕೇ ಇಟ್ಟು ತೆಗೀರಿ, ಮೇಲಿಂದ ತೆಗೆದ್ರೆ ಏನೂ ಗೊತ್ತಾಗಲ್ಲ. ಕುದುರೆ ಸಿಮೆಂಟ್ ನೆಲದ ಮೇಲೆ ನೇರ ನಿಂತಿರ್ಬೇಕು.

ರೇಸಿಂದ ಬಂದ ಎಷ್ಟೋ ಕುದುರೆಗಳಿಗೆ ಇದೇ ಕಥೆ. ಗೊರಸಿನ ಮುಂದಿನ ತುದಿ, ಟೋ ಅಂತೀವಿ, ಉದ್ದ, ಹಿಮ್ಮಡಿ ಕುಸಿದಿರುತ್ತೆ. ಟೋ ಉದ್ದ ಬಿಟ್ರೆ ಹೆಜ್ಜೆ ಉದ್ದ ಬರುತ್ತೆ ಅಂತ ಹಳೇ ನಂಬಿಕೆ ಒಂದಿದೆ, ಅದು ಸುಳ್ಳು. ಎರಡು ವರ್ಷದ ಮರಿ ಆಗಿದ್ದಾಗಿಂದ ಲಾಳ ಹಾಕಿ ಓಡಿಸಿರ್ತಾರೆ, ಗೊರಸಿನ ಗೋಡೆ ತೆಳ್ಳಗೆ, ತಳ ತೆಳ್ಳಗೆ. ಅಲ್ಲಿರೋವಾಗ ಮೂರ್ನಾಲ್ಕು ವಾರಕ್ಕೆ ಒಂದ್ಸಲ ಲಾಳ ಹೊಡೆಯೋ ನಾಲ್‌ಬಂದ್ ಬಂದು ಕೂತ್ಕೋತಿದ್ದ, ಈಗ ನಿಮ್ಮಲ್ಲಿ ಎಷ್ಟು ದಿನಕ್ಕೆ ಬರ್ತಾನೆ?

ಕೆರೆದಾರಿ

ಫೋಟೋ ಹಾಕಿದೀನಿ. ನಾಲ್‌ಬಂದ್ ವಿಷಯ ಹೇಳೋಕೆ ನಾಚಿಕೆ ಆಗುತ್ತೆ, ಲಾಳ ಸವೆದಾಗ ಫೋನ್ ಮಾಡ್ತೀವಿ, ಎಂಟು ಹತ್ತು ವಾರ ಆಗುತ್ತೆ. ಅವರು ಮೂರು ಊರು ಸುತ್ತೋರು, ಕರೆದ ದಿನ ಬರಲ್ಲ.

ಗೋಕಾಕ_ಗಾಡಿ

ಅಕ್ಕಾರ ಇಷ್ಟ ಯಾಕ ಹೆದರ್ತೀರಿ. ನಮ್ಮ ಕಡೆ ಗಾಡಿ ಶರ್ಯತ್ತಿನ ಕುದರಿಗೆ ಹಿಂಗ ಆದ್ರ ಮೂರ ದಿನ ನೋವಿನ ಇಂಜೆಕ್ಷನ್ ಹಾಕಸ್ತೀವಿ, ಡೈಕ್ಲೋಫೆನಾಕ ಸಾಕ, ನಾಲ್ಕನೇ ದಿನ ಗಾಳಿ ಹೊಡದಂಗ ಓಡ್ತೈತಿ. ಫೋಟೋದಾಗ ಗೊರಸ ಚಂದನ ಐತಿ ನೋಡ್ರಿ.

ವೆಟ್_ಹಳ್ಳಿಕಡೆ

ನಾನು ಪಶುವೈದ್ಯ, ಹೆಚ್ಚು ನೋಡೋದು ದನ ಕುರಿ, ಕುದುರೆಗಳೂ ಬರ್ತಾವೆ. ಮೊದಲು ಇಂಜೆಕ್ಷನ್ ವಿಷಯ ಮುಗಿಸ್ಬಿಡೋಣ. ಡೈಕ್ಲೋಫೆನಾಕ್ ಪ್ರಾಣಿಗಳಿಗೆ ಕೊಡೋದು 2006ರಿಂದ ನಮ್ಮ ದೇಶದಲ್ಲಿ ನಿಷೇಧ. ಆ ಔಷಧಿ ಇರೋ ಹೆಣ ತಿಂದ ರಣಹದ್ದುಗಳು ಕಿಡ್ನಿ ಹೋಗಿ ಸತ್ವು, ದೇಶದಲ್ಲಿ ರಣಹದ್ದೇ ಹೆಚ್ಚುಕಮ್ಮಿ ಇಲ್ಲದ ಹಾಗಾಯ್ತು. ರಾಮನಗರದ ಬೆಟ್ಟದಲ್ಲಿ ಉಳಿದಿರೋ ನಾಲ್ಕಾರು ಹಕ್ಕಿಗೋಸ್ಕರ ಧಾಮ ಮಾಡಿ ಕಾಯ್ತಾ ಇದಾರೆ. ದಯವಿಟ್ಟು ಬೇಡ.

ಎರಡನೇದು, ನೋವಿನ ಔಷಧಿ ಕೊಟ್ಟು ಓಡಿಸೋದು. ಕುದುರೆ ಹೆಜ್ಜೆ ಚಿಕ್ಕದು ಮಾಡ್ತಾ ಇರೋದೇ ತನ್ನ ಕಾಲನ್ನ ತಾನೇ ಕಾಪಾಡ್ಕೊಳ್ಳೋಕೆ. ಆ ನೋವನ್ನ ಮುಚ್ಚಿ ಮೇಲೆ ಕೂತ್ರೆ, ಒಳಗಡೆ ಇರೋ ಗಾಯಕ್ಕೆ ನಾವೇ ಕೋಲು ಹಾಕಿ ಕೆದಕಿದ ಹಾಗೆ. ಔಷಧಿ ಬೇಕಾಗುತ್ತೆ, ಡಾಕ್ಟ್ರು ನೋಡಿ ಕೊಡ್ಲಿ, ಆದ್ರೆ ಔಷಧಿ ಮೇಲೆ ಇರೋ ದಿನ ಸವಾರಿ ಮಾಡಿ "ಈಗ ಸರಿ ಇದೆ" ಅಂತ ತೀರ್ಮಾನ ಮಾಡ್ಬೇಡಿ.

ಕೆರೆದಾರಿ ಮೇಡಂ, ಫೋಟೋ ನೋಡಿ ರೋಗ ಹೇಳಲ್ಲ. ಆದ್ರೆ ಕಾಣ್ತಿರೋದು ಹೇಳ್ತೀನಿ. ಗಿಣ್ಣಿನಿಂದ ಕೆಳಗೆ ಕಾಲಿನ ಇಳಿಜಾರು ಮತ್ತು ಗೊರಸಿನ ಮುಂಭಾಗದ ಇಳಿಜಾರು ಒಂದೇ ಗೆರೆಯಲ್ಲಿ ಇರ್ಬೇಕು. ನಿಮ್ಮ ಕುದುರೇಲಿ ಆ ಗೆರೆ ಗೊರಸಿನ ಹತ್ರ ಮುರಿದು ಮಲಗಿದೆ. ಲಾಯದಹುಡುಗ ಹೇಳಿದ್ದು ಸರಿ, ಟೋ ಉದ್ದ, ಹಿಮ್ಮಡಿ ಕುಸಿದಿದೆ, ಮೇಲಾಗಿ ಲಾಳ ಹಿಂದುಗಡೆ ಗಿಡ್ಡ, ಹಿಮ್ಮಡಿಗೆ ಆಸರೆನೇ ಇಲ್ಲ.

ಅದ್ರಿಂದ ಏನಾಗುತ್ತೆ ಅಂದ್ರೆ, ಎರಡು ಸೈಜ್ ದೊಡ್ಡ ಹವಾಯಿ ಚಪ್ಪಲಿ ಹಾಕ್ಕೊಂಡು ದಿನಾ ಮೆಟ್ಟಿಲು ಹತ್ತಿ ನೋಡಿ. ಪ್ರತಿ ಹೆಜ್ಜೆ ಎತ್ತುವಾಗ್ಲೂ ಉದ್ದ ತುದಿ ಮೇಲೆ ಉರುಳಬೇಕು, ಆಗ ಕಾಲಿನ ಹಿಂದೆ ಹಗ್ಗದ ಥರ ಇಳಿದು ಬರೋ ಟೆಂಡನ್ ಜಾಸ್ತಿ ಎಳೆಯುತ್ತೆ. ಆ ಹಗ್ಗ ಗೊರಸಿನೊಳಗೆ ಒಂದು ಚಿಕ್ಕ ದೋಣಿ ಆಕಾರದ ಮೂಳೆ ಮೇಲೆ ಹಾದು ಹೋಗುತ್ತೆ, ನ್ಯಾವಿಕ್ಯುಲರ್ ಅಂತಾರೆ. ಬಾವಿ ರಾಟೆ ಮೇಲೆ ಹಗ್ಗ ಹಾದ ಹಾಗೆ ಅಂದ್ಕೊಳ್ಳಿ. ರಾಟೆ ಮೇಲಿನ ಒತ್ತಡ ಹೆಚ್ಚಿದ್ರೆ ಹಗ್ಗಾನೂ ಸವೆಯುತ್ತೆ, ರಾಟೆನೂ ಸವೆಯುತ್ತೆ. ಹಿಮ್ಮಡಿ ಭಾಗ ನೋಯುತ್ತೆ, ಅದಕ್ಕೇ ಕುದುರೆ ಹಿಮ್ಮಡಿ ಊರದೆ ಟೋ ಮೊದಲು ಇಡುತ್ತೆ, ಮುಗ್ಗರಿಸುತ್ತೆ.

ಕುಂಟದೇ ಇರೋದಕ್ಕೆ ಕಾರಣ ಎರಡೂ ಕಾಲು ಒಂದೇ ಥರ ನೋಯ್ತಾ ಇರಬಹುದು. ಒಂದೇ ಮುಂಗಾಲು ನೋವಿದ್ರೆ ಅದು ನೆಲಕ್ಕೆ ಬಿದ್ದಾಗ ತಲೆ ಮೇಲೆತ್ತುತ್ತೆ, ಸರಿ ಇರೋ ಕಾಲು ಬಿದ್ದಾಗ ತಲೆ ಇಳಿಸುತ್ತೆ. ಎರಡೂ ನೋವಿದ್ರೆ ಯಾವ ಕಾಲಿಗೆ ಅಂತ ತಲೆ ಎತ್ತುತ್ತೆ ಪಾಪ.

ನಾಳೆಯಿಂದ ಮಾಡ್ಬೇಕಾದ್ದು: ಕ್ಯಾಂಟರ್, ಸಣ್ಣ ರೌಂಡು, ಹಗ್ಗ ಕಟ್ಟಿ ಸುತ್ತ ಓಡಿಸೋದು, ಗಟ್ಟಿ ಇಳಿಜಾರು, ಇವೆಲ್ಲ ಬಂದ್. ಪರೀಕ್ಷೆ ಆಗೋ ತನಕ ಸವಾರಿನೂ ಬೇಡ, ಕೈಯಲ್ಲಿ ಹಿಡ್ಕೊಂಡು ನಡೆಸಿ. ಕುದುರೆ ಚೆನ್ನಾಗಿ ನೋಡೋ ಡಾಕ್ಟ್ರ ಹತ್ರ ನರ್ವ್ ಬ್ಲಾಕ್ (ನರ ಮರಗಟ್ಟಿಸಿ ನೋವು ಎಲ್ಲಿದೆ ಅಂತ ನೋಡೋದು) ಮಾಡ್ಸಿ, ಆಮೇಲೆ ಎಕ್ಸ್‌ರೇ. ನಿಮಗೆ ಹೆಬ್ಬಾಳದ ವೆಟರ್ನರಿ ಕಾಲೇಜು ದೂರ ಇಲ್ಲ, ಅಲ್ಲೂ ವಿಚಾರಿಸಿ.

ಗೋಕಾಕ_ಗಾಡಿ

ಡಾಕ್ಟರ ಸಾಹೇಬ್ರ, ಹದ್ದಿನ ಮಾತ ನನಗ ಗೊತ್ತಿರಲಿಲ್ರಿ, ಅದನ್ನ ವಾಪಸ್ ತಗೋತೀನಿ. ಆದ್ರ ಒಂದ್ ಮಾತ ಹೇಳ್ರಿ, ಓಡಸೋದು ಬಿಟ್ಟು ಆರ ತಿಂಗಳ ಕುದರಿ ಕಟ್ಟಿ ಮೇಯಿಸೋ ತಾಕತ್ತ ಎಷ್ಟ ಮಂದಿಗೆ ಐತಿ? ಬೆಂಗಳೂರಾಗ ಹವ್ಯಾಸಕ್ಕ ಇಟ್ಟೋರು ಬ್ಯಾರೆ, ನಮ್ಮಲ್ಲಿ ಒಂದ್ ಶರ್ಯತ್ತ ತಪ್ಪಿದ್ರ ಮ್ಯಾಲಿನ ಖರ್ಚ ಮೈಮ್ಯಾಲೆ ಬರ್ತೈತಿ.

ವೆಟ್_ಹಳ್ಳಿಕಡೆ

ನಿಮ್ಮ ಮಾತು ನ್ಯಾಯವಾದ್ದೇ ಅಣ್ಣ. ಅದಕ್ಕೇ ಶುರುವಲ್ಲೇ ನೋಡಿ ಅನ್ನೋದು. ಈಗ ಟೋ ಕಮ್ಮಿ ಮಾಡಿಸೋಕೆ ಆಗೋ ಖರ್ಚು ಲಾಳದ ಖರ್ಚಷ್ಟೇ. ಟೆಂಡನ್ನೇ ಹರಿದ್ರೆ ಆರು ತಿಂಗಳಲ್ಲ, ಅದು ಮತ್ತೆ ಗಾಡಿಗೆ ಬರದೇನೂ ಇರಬಹುದು. ನಿಮ್ಮ ಕುದುರೆ ಗೊರಸಿನ ಫೋಟೋನೂ ಒಂದು ಹಾಕಿ ನೋಡೋಣ.

ಹೊರನಾಡು_ಹುಲ್ಲು

ನಾನು ಐರ್ಲೆಂಡಲ್ಲಿದೀನಿ, ವೀಕೆಂಡ್ ಒಂದು ಕುದುರೆ ಯಾರ್ಡಲ್ಲಿ (ಲಾಯದಲ್ಲಿ) ಕೆಲಸ ಮಾಡ್ತೀನಿ, ಸಗಣಿ ಬಾಚೋದ್ರಲ್ಲಿ ಎಕ್ಸ್‌ಪರ್ಟ್ ಅಂತ ಧೈರ್ಯವಾಗಿ ಹೇಳ್ಕೋಬಹುದು. ಒಂದು ಪ್ರಶ್ನೆ, ಲಾಳಾನೇ ತೆಗೆದು ಬರಿಗಾಲಲ್ಲಿ ಬಿಟ್ರೆ? ಇಲ್ಲಿ ಎರಡು ಮೂರು ಕುದುರೆ ಹಾಗೆ ಸುಧಾರಿಸಿದ್ದು ನೋಡಿದೀನಿ, ಸವಾರಿಗೆ ಮಾತ್ರ ರಬ್ಬರ್ ಬೂಟ್ ಹಾಕ್ತಾರೆ.

ಹಾಗೇ ದಿನಾ ನಾಡಿ ನೋಡೋದು ಕಲೀರಿ ಮೇಡಂ. ಗಿಣ್ಣಿನ ಹಿಂಭಾಗದ ಎರಡೂ ಪಕ್ಕದಲ್ಲಿ ಬೆರಳಿಟ್ಟು ಮೆತ್ತಗೆ ಒತ್ತಿ. ಆರೋಗ್ಯವಾಗಿದ್ರೆ ಹುಡುಕೋಕೇ ಕಷ್ಟ, ಟಣ್ ಟಣ್ ಅಂತ ಹೊಡೀತಾ ಇದ್ರೆ ಗೊರಸೊಳಗೆ ಉರಿಯೂತ ಅಂತ ಅರ್ಥ. ನಾನು ಇದನ್ನ ಕಲಿಯೋಕೆ ಎರಡು ವಾರ ತಗೊಂಡೆ, ಮೊದ್ಲು ನನ್ನ ಹೆಬ್ಬೆರಳಿನ ನಾಡೀನೇ ಎಣಿಸ್ತಿದ್ದೆ.

ವೆಟ್_ಹಳ್ಳಿಕಡೆ

ನಾಡಿ ಜೋರು, ಗೊರಸು ಬಿಸಿ, ಕುದುರೆ ಭಾರನೆಲ್ಲ ಹಿಂದಕ್ಕೆ ಹಾಕಿ ಮುಂಗಾಲು ಚಾಚಿ ನಿಂತು ಕದಲೋಕೇ ಒಲ್ಲೆ ಅಂದ್ರೆ ಅದು ಲ್ಯಾಮಿನೈಟಿಸ್ (ಗೊರಸಿನ ಒಳಪದರದ ಉರಿಯೂತ) ಇರಬಹುದು. ಅದು ಬೇರೆ ಕಾಯಿಲೆ, ಅವತ್ತೇ ರಾತ್ರಿನೇ ಆದ್ರೂ ಡಾಕ್ಟ್ರನ್ನ ಕರೀರಿ, ಅವರು ಬರೋ ತನಕ ಕಾಲು ಐಸ್ ನೀರಲ್ಲಿ ಇರ್ಲಿ, ನಡೆಸ್ಬೇಡಿ. ಇದ್ದಕ್ಕಿದ್ದ ಹಾಗೆ ಒಂದೇ ಕಾಲು ಊರೋಕೇ ಆಗ್ತಿಲ್ಲ ಅಂದ್ರೆ ಹೆಚ್ಚಾಗಿ ಒಳಗೆ ಕೀವು. ಮುತ್ತುದು ನಿಧಾನವಾಗಿ ಬಂದಿರೋದ್ರಿಂದ ಇವೆರಡೂ ಅಲ್ಲ ಅನ್ನಿಸುತ್ತೆ.

ಬರಿಗಾಲು ಕೆಲವಕ್ಕೆ ಒಗ್ಗುತ್ತೆ. ತೆಳ್ಳನೆ ತಳ ಇರೋ ರೇಸ್ ಕುದುರೆಗೆ, ನಮ್ಮ ಜಲ್ಲಿಕಲ್ಲು ದಾರೀಲಿ, ದಿಢೀರ್ ಅಂತ ಲಾಳ ಕಿತ್ರೆ ಹಿಂಸೆ. ಎಕ್ಸ್‌ರೇಲಿ ತಳ ಎಷ್ಟು ದಪ್ಪ ಇದೆ ನೋಡಿ ಆಮೇಲೆ ಮಾತಾಡೋಣ.

ಕೆರೆದಾರಿ (ಜುಲೈ)

ಪರೀಕ್ಷೆ ಆಯ್ತು. ನಾನು ನೋಡಿದ್ದು ಹೇಳ್ಲೇಬೇಕು. ಮೊದಲು ನೇರ ಟ್ರಾಟ್ ಮಾಡ್ಸಿದ್ರು, ಎಲ್ಲ ಸಮ, ಹೆಜ್ಜೆ ಮಾತ್ರ ಚಿಕ್ಕದು. ಆಮೇಲೆ ಎಡ ಮುಂಗಾಲು ಹಿಮ್ಮಡಿ ಮೇಲೆ ಎರಡೂ ಪಕ್ಕ ಸಣ್ಣ ಇಂಜೆಕ್ಷನ್ ಕೊಟ್ಟು ಮರಗಟ್ಟಿಸಿದ್ರು. ಹತ್ತು ನಿಮಿಷ ಬಿಟ್ಟು ಮತ್ತೆ ಟ್ರಾಟ್. ಇಷ್ಟು ದಿನ ಕುಂಟದೇ ಇದ್ದ ಕುದುರೆ ಬಲಗಾಲಲ್ಲಿ ಎದ್ದು ಕಾಣೋ ಹಾಗೆ ಕುಂಟ್ತು! ಎಡಗಾಲಿನ ನೋವು ಹೋದ ತಕ್ಷಣ ಬಲಗಾಲುದು ಬಯಲಾಯ್ತು. ಬಲಗಾಲೂ ಮರಗಟ್ಟಿಸಿದ್ರು. ಅವಾಗ ನಡೆದ ನಡಿಗೆ ಇದ್ಯಲ್ಲ, ತಗೊಂಡು ಒಂದೂವರೆ ವರ್ಷದಲ್ಲಿ ನಾನು ಒಂದ್ ದಿನಾನೂ ನೋಡಿರ್ಲಿಲ್ಲ. ಹೆಜ್ಜೆ ಅಷ್ಟುದ್ದ, ಕತ್ತು ಕೆಳಗೆ ಬಿಟ್ಕೊಂಡು. ಅಂದ್ರೆ ನಾನು ತಗೊಂಡ ದಿನದಿಂದಲೇ ಸ್ವಲ್ಪ ಸ್ವಲ್ಪ ನೋಯ್ತಾನೇ ಇತ್ತು, ಅದೇ ಅದರ ಮಾಮೂಲಿ ನಡಿಗೆ ಅಂದ್ಕೊಂಡಿದ್ದೆ ನಾನು. ಸೈಸ್ ಕಡೆ ನೋಡ್ದೆ, ಅವನೂ ನೆಲ ನೋಡ್ತಿದ್ದ.

ಎಕ್ಸ್‌ರೇಲಿ ಮೂಳೇಲಿ ದೊಡ್ಡ ಬದಲಾವಣೆ ಇಲ್ಲ, ಶುರು ಹಂತ ಅಂದ್ರು. ತಳ ತೆಳ್ಳಗಿದೆ, ಹಾಗಾಗಿ ಬರಿಗಾಲು ಸದ್ಯಕ್ಕೆ ಬೇಡ. ಎಂಆರ್‌ಐ ಆಗಿದ್ರೆ ಟೆಂಡನ್ ಕೂಡ ಕಾಣ್ತಿತ್ತು ಅಂದ್ರು, ಅದಕ್ಕೆ ಕೈ ಹಾಕ್ಲಿಲ್ಲ. ಟೋ ಹಿಂದಕ್ಕೆ ತರೋದು, ಲಾಳದ ಮುಂದಿನ ಅಂಚು ಉರುಳಿಸಿ ದುಂಡು ಮಾಡೋದು, ಹಿಂದೆ ಹಿಮ್ಮಡಿ ಪೂರ್ತಿ ಮುಚ್ಚೋ ಹಾಗೆ ಉದ್ದ ಲಾಳ, ಮೊದಲ ಎರಡು ಸಲ ಹಿಮ್ಮಡಿ ಕೆಳಗೆ ಸಣ್ಣ ಇಳಿಜಾರು ಪ್ಯಾಡ್. ಐದು ವಾರಕ್ಕೊಮ್ಮೆ ತಪ್ಪದೇ.

ಲಾಯದಹುಡುಗ

ಪ್ಯಾಡನ್ನ ವರ್ಷಗಟ್ಲೆ ಇಡ್ಬೇಡಿ ಅಕ್ಕ, ಮೊದ್ಲು ಆರಾಮ ಅನ್ಸುತ್ತೆ, ಆಮೇಲೆ ಅದೇ ಹಿಮ್ಮಡೀನ ಇನ್ನೂ ಜಜ್ಜುತ್ತೆ. ಇನ್ನೊಂದು, ನಾಲ್‌ಬಂದ್ ಬಂದಾಗ ಪಕ್ಕದಲ್ಲೇ ನಿಂತ್ಕೊಳ್ಳಿ. ರೆಡಿ ಲಾಳ ಜೋಳಿಗೆಯಿಂದ ತೆಗೆದು, ಚಿಕ್ಕದಾದ್ರೆ ಗೊರಸನ್ನೇ ಅರದಲ್ಲಿ ಉಜ್ಜಿ ಲಾಳಕ್ಕೆ ಸರಿ ಮಾಡೋರು ಇದಾರೆ. ಗೊರಸಿಗೆ ತಕ್ಕ ಹಾಗೆ ಲಾಳ ಬಗ್ಗಬೇಕು. ಆದ್ರೆ ಅವರ ಮೇಲೆ ರೇಗ್ಬೇಡಿ, ಎಕ್ಸ್‌ರೇ ಫೋಟೋ ತೋರ್ಸಿ, ಟೀ ಕೊಡ್ಸಿ, "ಇಲ್ಲಿಂದ ಇಲ್ಲಿಗೆ ಬರ್ಬೇಕು ಭಾಯ್" ಅಂತ ಹೇಳಿ. ಒಳ್ಳೇ ನಾಲ್‌ಬಂದ್ ಆದ್ರೆ ಖುಷಿಯಾಗಿ ಮಾಡ್ತಾರೆ, ಅವರಿಗೆ ಯಾರೂ ಎಕ್ಸ್‌ರೇ ತೋರ್ಸೇ ಇರಲ್ಲ.

ಕೆರೆದಾರಿ

ಅಕ್ಷರಶಃ ಹಾಗೇ ಆಯ್ತು! ಫೋನಲ್ಲಿ ಎಕ್ಸ್‌ರೇ ಜೂಮ್ ಮಾಡಿ ಮಾಡಿ ನೋಡಿದ್ರು, "ಒಳಗೆ ಮೂಳೆ ಇಲ್ಲಿ ಮುಗಿಯುತ್ತಾ" ಅಂತ ಚಾಕ್‌ಪೀಸಲ್ಲಿ ಗೊರಸಿನ ಮೇಲೇ ಗೆರೆ ಹಾಕ್ಕೊಂಡ್ರು. ಒಂದೇ ಸಲಕ್ಕೆ ಎಲ್ಲ ತೆಗೆಯಲ್ಲ, ಮೂರು ಸಲ ಬೇಕು ಅಂದ್ರು.

ಸವಾರಿ ಬಗ್ಗೆ ಡಾಕ್ಟ್ರು ಹೇಳಿದ್ದು: ಲಾಯದಲ್ಲಿ ಕಟ್ಟಿ ಹಾಕ್ಬೇಡಿ, ಓಡಾಡ್ಲಿ, ಓಡಾಡಿದ್ರೇ ಗೊರಸಿಗೆ ರಕ್ತ. ಎರಡು ವಾರ ಕೈಯಲ್ಲಿ ಹಿಡ್ಕೊಂಡು ನಡೆಸೋದು, ಆಮೇಲೆ 20 ನಿಮಿಷ ಮೇಲೆ ಕೂತು ಬರೀ ವಾಕ್, ನೇರ ದಾರಿ, ಗಟ್ಟಿ ಮಣ್ಣು. ತೀರಾ ಹೂತುಹೋಗೋ ಮರಳೂ ಬೇಡ, ಟಾರೂ ಬೇಡ. ವಾರಕ್ಕೆ ಐದೈದು ನಿಮಿಷ ಜಾಸ್ತಿ.

ಮೇವಿನ ಬಗ್ಗೆನೂ ಬೈಸ್ಕೊಂಡೆ. ದಿನಾ ಎರಡು ಹೊತ್ತು ಗೋಧಿ ಬೂಸ, ಬೇಯಿಸಿದ ಹುರುಳಿ, ಸವಾರಿ ಆದ್ಮೇಲೆ ಬೆಲ್ಲದುಂಡೆ. ಪ್ರೀತಿಗೆ ಅಂತ.

ವೆಟ್_ಹಳ್ಳಿಕಡೆ

ಬೂಸದಲ್ಲಿ ರಂಜಕ (ಫಾಸ್ಫರಸ್) ಜಾಸ್ತಿ, ಸುಣ್ಣ ಅಂದ್ರೆ ಕ್ಯಾಲ್ಸಿಯಂ ಕಮ್ಮಿ. ಒಟ್ಟು ಆಹಾರದಲ್ಲಿ ಕ್ಯಾಲ್ಸಿಯಂ ಯಾವಾಗ್ಲೂ ರಂಜಕಕ್ಕಿಂತ ಹೆಚ್ಚಿರ್ಬೇಕು, ಒಂದೂವರೆ ಪಟ್ಟು ಇದ್ರೆ ಒಳ್ಳೇದು. ಬರೀ ಬೂಸದ ಮೇಲೆ ಸಾಕಿದ್ರೆ ಮೂಳೆಯಿಂದ ಸುಣ್ಣ ಎಳ್ಕೊಳ್ಳುತ್ತೆ. ಬೂಸ ಇಳಿಸಿ, ಕುದುರೆ ಮಸಾಲೆ (ಲೂಸರ್ನ್) ಸೊಪ್ಪು ಸ್ವಲ್ಪ ಸೇರಿಸಿ, ಒಣಹುಲ್ಲು ಮುಖ್ಯ ಊಟ ಆಗ್ಲಿ. ಬೆಲ್ಲ ಬಿಡಿ. ತೂಕ ಇಳಿದ್ರೆ ಗೊರಸಿಗೆ ಅದೇ ದೊಡ್ಡ ಔಷಧಿ, ಯಾಕಂದ್ರೆ ದೇಹದ ಭಾರದಲ್ಲಿ ಅರ್ಧಕ್ಕಿಂತ ಜಾಸ್ತಿ ಮುಂಗಾಲೇ ಹೊರೋದು. ಬಯೋಟಿನ್ ಅನ್ನೋ ವಿಟಮಿನ್ ದಿನಕ್ಕೆ 20 ಮಿಲಿಗ್ರಾಂ ಕೊಡಬಹುದು, ಆದ್ರೆ ಹೊಸ ಗೊರಸು ಬೆಳೆದು ಬರ್ಬೇಕು, ಆರೆಂಟು ತಿಂಗಳು ಏನೂ ಕೇಳ್ಬೇಡಿ.

ಜಟಕಾಮೊಮ್ಮಗ

ತಾತ ಗೊರಸಿಗೆ ದಿನಾ ಹರಳೆಣ್ಣೆ ಹಚ್ಚೋರು, ಅದ್ರಿಂದ ಉಪಯೋಗ ಇದ್ಯಾ ಡಾಕ್ಟ್ರೇ? ನಮ್ ಪಕ್ಕದೋರು ಹಳೇ ಎಂಜಿನ್ ಆಯಿಲ್ ಹಚ್ತಿದ್ರು.

ವೆಟ್_ಹಳ್ಳಿಕಡೆ

ಹರಳೆಣ್ಣೆಯಿಂದ ಹೊಳಪು ಬರುತ್ತೆ, ಬೆಳವಣಿಗೆ ಬರಲ್ಲ, ತೊಂದ್ರೆನೂ ಇಲ್ಲ. ಎಂಜಿನ್ ಆಯಿಲ್ ಸ್ಕೂಟರಿಗೆ ಇರ್ಲಿ.

ಕೆರೆದಾರಿ (ಆಗಸ್ಟ್)

ಅಯ್ಯೋ ಒಂದು ಮುಗೀತು ಅನ್ನೋಷ್ಟ್ರಲ್ಲಿ ಇನ್ನೊಂದು. ಮಳೆ ಹಿಡ್ಕೊಂಡಿದೆ, ಲಾಯದ ನೆಲ ಒಣಗ್ತಾನೇ ಇಲ್ಲ, ಇವತ್ತು ಗೊರಸು ಕೆರೆಯುವಾಗ ತಳದ ಮಧ್ಯೆ ತ್ರಿಕೋನ ಥರ ಇರುತ್ತಲ್ಲ ಮೆತ್ತನೆ ಭಾಗ, ಫ್ರಾಗ್, ಅದರ ಸಂದಿಯಿಂದ ಕಪ್ಪು ಕಪ್ಪಾಗಿ ಕೊಳೆತ ವಾಸನೆ. ಕೈ ಮೂರು ಸಲ ತೊಳೆದ್ರೂ ಹೋಗ್ಲಿಲ್ಲ.

ಲಾಯದಹುಡುಗ

ಥ್ರಷ್ ಅಕ್ಕ ಅದು, ಫ್ರಾಗ್ ಕೊಳೆಯೋ ಸೋಂಕು. ಮಳೆಗಾಲದ ನೆಂಟ. ದಿನಕ್ಕೆ ಎರಡು ಸಲ ಗೊರಸು ಕೆರೆದು ಬ್ರಷ್ ಹಾಕಿ, ಒಣಗಿಸಿ. ನೆಲಕ್ಕೆ ಗರಗಸದ ಹೊಟ್ಟು ದಪ್ಪ ಹಾಕಿ, ಒದ್ದೆ ಆಗಿದ್ದು ಬೆಳಗ್ಗೆನೇ ತೆಗೀರಿ. ಮೈಲುತುತ್ತದ ನೀರು ತೆಳ್ಳಗೆ ಮಾಡಿ ಹತ್ತಿ ಅದ್ದಿ ಸಂದೀಲಿ ಇಡ್ತಿದ್ವಿ ನಾವು.

ವೆಟ್_ಹಳ್ಳಿಕಡೆ

ಮೈಲುತುತ್ತ ಆಗುತ್ತೆ, ತೆಳ್ಳಗೇ ಇರ್ಲಿ. ಗಟ್ಟಿಯಾಗಿ ಹಾಕಿದ್ರೆ ಜೀವಂತ ಚರ್ಮ ಸುಡುತ್ತೆ. ಒತ್ತಿದಾಗ ಕಾಲು ಎಳ್ಕೊಂಡ್ರೆ, ರಕ್ತ ಬಂದ್ರೆ, ಮನೆಮದ್ದು ನಿಲ್ಲಿಸಿ ತೋರ್ಸಿ. ಮತ್ತೆ ಇದನ್ನ ಸಣ್ಣದು ಅಂದ್ಕೋಬೇಡಿ, ಫ್ರಾಗ್ ನೋಯ್ತಿದ್ರೆ ಕುದುರೆ ಮತ್ತೆ ಹಿಮ್ಮಡಿ ಊರಲ್ಲ, ಟೋ ಮೇಲೇ ನಡೆಯುತ್ತೆ, ನೀವು ಮಾಡಿದ ಕೆಲಸ ಎಲ್ಲ ಹಿಂದಕ್ಕೆ.

ಗೋಕಾಕ_ಗಾಡಿ (ಅಕ್ಟೋಬರ್)

ಎಲ್ಲಾರೂ ಆರಾಮಾ? ಡಾಕ್ಟರ ಸಾಹೇಬ್ರು ಹೇಳಿದ್ರಂತ ನಮ್ಮ ಕರಿಯಾನ ಗೊರಸ ಫೋಟೋ ನೆಲಕ್ಕ ಇಟ್ಟು ತಗದೆ. ನೋಡಿದ್ರ ಅಕ್ಕಾರ ಕುದರೀದಕ್ಕಿಂತ ಉದ್ದ ಐತ್ರಿ ಮುಂದಿನ ತುದಿ! ನಾಲ ಬಡಿಯಾಂವನ ಜೋಡಿ ದೊಡ್ಡ ಜಗಳನ ಆತು, "ನಮ್ಮಪ್ಪನ ಕಾಲದಾಗಿಂದ ಹಿಂಗ ಮಾಡೀವಿ, ನೀ ಮೊಬೈಲ್ ನೋಡಿ ನನಗ ಕಲಸಾಕ ಬಂದಿ" ಅಂದ. ಕಡೀಕ ಸೊಲ್ಪ ಕಡಿಮಿ ಮಾಡ್ಯಾನ. ಒಂದ್ ಶರ್ಯತ್ತ ಬಿಟ್ಟೀನಿ. ಮನ್ಯಾಗ ಬೈತಾರ. ಮುಂದಿಂದು ಬಿಡ್ತೀನೋ ಇಲ್ಲೋ ಇನ್ನೂ ಗೊತ್ತಿಲ್ಲ.

ಹೊರನಾಡು_ಹುಲ್ಲು

ಒಂದು ಶರ್ಯತ್ತು ಬಿಟ್ಟಿದ್ದೇ ದೊಡ್ಡದು ಸರ್. ಫೋನಲ್ಲಿ ಸ್ಲೋಮೋಷನ್ ಇದ್ರೆ ಪಕ್ಕದಿಂದ ವಿಡಿಯೋ ಮಾಡಿ, ಟೋ ಮೊದಲು ಬೀಳುತ್ತಾ ಹಿಮ್ಮಡಿ ಮೊದಲಾ ಅಂತ ನೀಟಾಗಿ ಕಾಣುತ್ತೆ. ತಿಂಗಳಿಗೊಂದು ಇಟ್ಕೊಂಡ್ರೆ ಸುಧಾರಿಸ್ತಾ ಇದ್ಯಾ ಇಲ್ವಾ ಅನ್ನೋದಕ್ಕೆ ಯಾರ ಮಾತೂ ಬೇಕಾಗಲ್ಲ.

ಕೆರೆದಾರಿ (ಡಿಸೆಂಬರ್)

ಐದು ತಿಂಗಳಾಯ್ತು. ನಾಲ್ಕು ಸಲ ಲಾಳ ಬದಲಾಗಿದೆ, ಪ್ಯಾಡ್ ಮೂರನೇ ಸಲಕ್ಕೇ ತೆಗೆದ್ರು. ಈಗ ವಾರಕ್ಕೆ ನಾಲ್ಕು ದಿನ 45 ನಿಮಿಷ, ಅದ್ರಲ್ಲಿ ಹತ್ತು ನಿಮಿಷ ಟ್ರಾಟು, ಕೊಯ್ಲಾದ ರಾಗಿ ಹೊಲದ ಪಕ್ಕದ ದಾರೀಲಿ. ಸ್ಲೋಮೋಷನಲ್ಲಿ ಎಡಗಾಲು ಹಿಮ್ಮಡಿ ಮೊದಲು ಬೀಳ್ತಾ ಇದೆ, ಬಲಗಾಲು ಒಂದೊಂದ್ ಸಲ ಚಪ್ಪಟೆ ಬೀಳುತ್ತೆ, ಒಂದೊಂದ್ ಸಲ ಹಳೇ ಬುದ್ಧಿ. ಹೋದ ತಿಂಗಳು ಆಸೆ ತಡೀಲಾರದೆ ಕ್ಯಾಂಟರ್ ಮಾಡಿಸ್ದೆ, ಎರಡು ದಿನ ಹೆಜ್ಜೆ ಮತ್ತೆ ಚಿಕ್ಕದಾಯ್ತು, ಡಾಕ್ಟ್ರಿಗೆ ಹೇಳೋಕೆ ಧೈರ್ಯ ಬರದೆ ಇಲ್ಲಿ ಬರೀತಿದೀನಿ. ಸಣ್ಣ ರೌಂಡು, ಜಂಪು ಇದರ ಹಣೆಯಲ್ಲಿ ಇಲ್ಲ ಅಂತ ಅವರು ಮೊದಲೇ ಹೇಳಿದಾರೆ, ನನಗೂ ಬೇಡ.

ಗೊರಸಿನ ಮೇಲ್ಭಾಗದಿಂದ ಎರಡು ಬೆರಳಗಲ ಕೆಳಗೆ ಒಂದು ಸಣ್ಣ ಉಂಗುರದ ಗೆರೆ ಇದೆ. ಅದರ ಮೇಲೆ ಬೆಳೆದಿರೋದು ನೆಟ್ಟಗಿದೆ, ಕೆಳಗಿರೋದು ಹಳೇದು, ಮುಂದಕ್ಕೆ ಮಲಗಿದೆ. ಇನ್ನೂ ಅರ್ಧ ಬಾಕಿ.

ಲಾಯದಹುಡುಗ

ಫೋಟೋ ಹಾಕಿ ಅಕ್ಕ, ಪಕ್ಕದಿಂದ, ಫೋನ್ ನೆಲಕ್ಕಿಟ್ಟು.

ಕೆರೆದಾರಿ

ಹಾಕಿದೀನಿ. ಹಿಂದೆ ಕಾಣ್ತಿರೋ ನಾಲ್ಕು ಕಾಲು ಮೇಕೆದು, ಅದನ್ನ ಲೆಕ್ಕಕ್ಕೆ ತಗೋಬೇಡಿ.